ಆನೆಹೊಂಡದ ಹೊಗೆ

ಮೊದಲಿಗೆ ನೀರಿಗೆ ನಮಸ್ಕಾರ. ಇದ್ದವರನ್ನೂ ಹೋದವರನ್ನೂ ಒಂದೇ ಬೊಗಸೆಯಲ್ಲಿ ಕೂಡಿಸಬಲ್ಲದ್ದು ಅದು. ಅಕ್ಷರ ತಿದ್ದಿಸಿದ ತಂದೆಗೆ, ಮಂತ್ರದ ಸ್ವರ ಜಾರಿದಾಗ ತೊಡೆಯ ಮೇಲೆ ಬೆರಳಿನಿಂದ ತಟ್ಟಿ ಎಚ್ಚರಿಸುತ್ತಿದ್ದ ಗುರುಗಳಿಗೆ, ಪರದೇಶದಲ್ಲಿಯೂ ನನ್ನ ಮಡಿ ಆಚಾರಗಳನ್ನು ಬೇಸರವಿಲ್ಲದೆ ನಡೆಸಿಕೊಟ್ಟ ಸೊಸೆಗೆ, ಗೋಡೆಯಾಚೆಯ ಮನೆಯಲ್ಲಿ ಬದುಕಿದ ಆ ಹಿರಿಯ ಹೆಣ್ಣುಮಗಳಿಗೆ, ಇವರನ್ನೆಲ್ಲ ನನ್ನ ದಾರಿಯಲ್ಲಿ ತಂದು ನಿಲ್ಲಿಸಿದ ಪರಮಾತ್ಮನಿಗೆ ಕೃತಜ್ಞತೆಯನ್ನು ಸಲ್ಲಿಸಿ ಈ ನೆನಪನ್ನು ಬರೆಯಲು ಕೂತಿದ್ದೇನೆ. ಇದರಲ್ಲಿ ಯಾರ ಹೆಸರೂ ಬಾರದು. ನಮ್ಮ ಅರಸರ ಹೆಸರನ್ನು ತರ್ಪಣದ ಹೊತ್ತಿನಲ್ಲಲ್ಲದೆ ಉಚ್ಚರಿಸಬಾರದೆಂಬುದು ನಮ್ಮ ಮನೆತನದ ನೇಮ. ಉಳಿದವರ ಹೆಸರು ಅವರವರ ಮನೆಯ ಸೊತ್ತು.

ಧಾರವಾಡದ ಕಾಲೇಜೊಂದರಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾಗಿದ್ದೆ. ಪತ್ನಿ ತೀರಿಕೊಂಡ ವರ್ಷ ಮಗ ನನ್ನನ್ನು ಲಂಡನ್ನಿನ ಕೆಂಟನ್ನಿಗೆ ಕರೆತಂದ. ತೊಂಬತ್ತರ ದಶಕದ ನಡುವಿನ ಮಾತು. ಮಗ ಸರಕಾರಿ ಆಸ್ಪತ್ರೆಯಲ್ಲಿ ವೈದ್ಯ. ಸೊಸೆ ಮೈಸೂರಿನವಳು, ಹ್ಯಾರೋದಲ್ಲಿ ಜಿಪಿ, ಎಂದರೆ ಬಡಾವಣೆಯ ವೈದ್ಯೆ. ಮನೆ ಇಲ್ಲಿಯ ರೂಢಿಯಂತೆ ಜೋಡುಮನೆ. ನಡುವೆ ಒಂದೇ ಗೋಡೆ, ಆಚೆ ಇನ್ನೊಂದು ಸಂಸಾರ. ಹಿತ್ತಿಲುಗಳ ನಡುವೆ ಎದೆಯೆತ್ತರದ ಮರದ ಬೇಲಿ. ಆ ಹಿತ್ತಿಲಿನಲ್ಲಿ ನಾನು ಒಂದು ತುಳಸಿಯನ್ನು ಬೇಸಿಗೆಯಲ್ಲಿ ಬೆಳೆಸುತ್ತಿದ್ದೆ, ಚಳಿಗಾಲದಲ್ಲಿ ಅಡುಗೆಮನೆಯ ಕಿಟಕಿಗೆ ಎತ್ತಿಡುತ್ತಿದ್ದೆ. ಸಂಕಲ್ಪದಲ್ಲಿ ಗೋದಾವರಿಯ ದಕ್ಷಿಣ ತೀರವೆಂದು ಹೇಳುತ್ತಿದ್ದ ಬಾಯಿ ಥೇಮ್ಸ್ ನದಿಯ ಉತ್ತರ ತೀರವೆಂದು ಹೇಳಲು ಕಲಿತುಕೊಂಡಿತು. ಮೊದಲ ಸಲ ಹಾಗೆ ಹೇಳಿದಾಗ ಮಗ ಮುಗುಳ್ನಕ್ಕಿದ್ದ. ನನಗೆ ಅದು ನಗೆಯ ವಿಷಯವಾಗಿರಲಿಲ್ಲ. ಕರ್ಮ ಮಾಡುವವನು ತಾನು ಎಲ್ಲಿ ಕೂತಿದ್ದೇನೆಂಬುದನ್ನು ಸುಳ್ಳು ಹೇಳಬಾರದು.

ನಮ್ಮದು ಅರಮನೆ ಪುರೋಹಿತರ ಮನೆತನ. ತುಂಗಭದ್ರೆಯ ಉತ್ತರಕ್ಕೆ ಗುಡ್ಡದ ಮೇಲೆ ಕೋಟೆ ಕಟ್ಟಿಕೊಂಡಿದ್ದ ಒಂದು ಸಂಸ್ಥಾನ. ಪುಟ್ಟದಾದರೂ ಬಹಳ ಹಳೆಯದು. ದೊಡ್ಡ ದೊಡ್ಡ ಸಾಮ್ರಾಜ್ಯಗಳಿಗೆ ಕಪ್ಪ ಕೊಟ್ಟು, ಅವು ಮುಳುಗಿದಾಗ ತಾನು ತೇಲಿ, ತಲೆಮಾರುಗಳನ್ನು ದಾಟಿ ಬಂದದ್ದು. ಕೊನೆಗೆ ಇಂಗ್ಲಿಷರು ಬಂದರು. ಮೊದಲು ಊರ ಹೊರಗೆ ಡೇರೆ ಹಾಕಿ ಒಬ್ಬ ಅಧಿಕಾರಿಯನ್ನು ಕೂರಿಸಿದರು. ಆಮೇಲೆ ತಮ್ಮ ದಂಡಿನ ಖರ್ಚು ಕೇಳಿದರು. ಆಮೇಲೆ ಕೋಟೆಯ ಬೀಗದ ಕೈ ಕೇಳಿದರು. ಅದನ್ನು ಕೊಡಲೊಲ್ಲದ ಅರಸ ಮಹಾದ್ವಾರದಲ್ಲಿ ಗುಂಡು ತಗಲಿ ಬಿದ್ದ. ಅವನ ಉತ್ತರಕ್ರಿಯೆಯನ್ನು ಎಂಟು ವರ್ಷದ ಮಗ ಕೋಟೆಯೊಳಗೇ ಮಾಡಿದ. ಅವನ ಪುಟ್ಟ ಕೈಯನ್ನು ಹಿಡಿದು ಎಳ್ಳುನೀರು ಬಿಡಿಸಿದವರು ನಮ್ಮ ಹಿರಿಯರು, ನನ್ನ ಮುತ್ತಜ್ಜನ ತಂದೆ. ಮಗನ ಹೆಸರಿನಲ್ಲಿ ರಾಣಿ ಕೋಟೆಯನ್ನು ಇನ್ನೂ ಕೆಲವು ಕಾಲ ಕಾದಳು. ಎದುರುಗುಡ್ಡಕ್ಕೆ ತೋಪುಗಳು ಏರಿದ ಮೇಲೆ ಗೋಡೆಗಳು ನಿಲ್ಲಲಿಲ್ಲ. ಕೋಟೆ ಬಿದ್ದ ದಿನವೇ ರಾಣಿ ಕುಸಿದ ಅಂತಃಪುರದಡಿ ಸಿಕ್ಕಿ ತೀರಿಕೊಂಡಳು. ರಾಜಕುಮಾರ ಹಿಂದಿನ ಗೋಡೆಯಿಂದ ಕಂದಕಕ್ಕೆ ಬಿದ್ದುದನ್ನು ಕಂಡೆನೆಂದು ಒಬ್ಬ ಕಾವಲುಗಾರ ಬಂದು ಅತ್ತ. ದೇಹ ಸಿಗಲಿಲ್ಲ.

ದೇಹ ಸಿಗದಿದ್ದವರಿಗೆ ದರ್ಭೆಯಿಂದ ಮನುಷ್ಯಾಕೃತಿ ಮಾಡಿ ದಹನ ಮಾಡುವ ವಿಧಿ ಶಾಸ್ತ್ರದಲ್ಲಿದೆ. ನಮ್ಮ ಹಿರಿಯರು ಹಗೆಯ ಪಹರೆಯ ನಡುವೆಯೇ ದರ್ಭೆಯ ಬೊಂಬೆ ಕಟ್ಟಿದರು. ಅದಕ್ಕೆ ಹುಡುಗನ ಹಸಿರು ರೇಶಿಮೆ ಅಂಗಿಯನ್ನು ತೊಡಿಸಿದರು. ನದಿಯ ದಾರಿಯನ್ನು ದಂಡಿನವರು ಮುಚ್ಚಿದ್ದರಿಂದ, ಆನೆಗಳು ಮೀಯುತ್ತಿದ್ದ ಹೊಂಡದ ಬತ್ತಿದ ತಳದಲ್ಲಿ ಬೆಂಕಿ ಕೊಟ್ಟರು. ರಾಜ್ಯ ಹೋಯಿತು, ವಂಶ ಮುಗಿಯಿತು. ಅರಸರಿಗೆ ಪುರೋಹಿತನ ಗೋತ್ರಪ್ರವರಗಳೇ ಗೋತ್ರಪ್ರವರಗಳಾದುದರಿಂದ, ನೀರು ಬಿಡುವ ಹೊಣೆಯನ್ನು ಅವರು ತಮ್ಮ ಮೇಲೆಯೇ ಹೊತ್ತುಕೊಂಡರು. ಅಂದಿನಿಂದ ಪ್ರತಿ ಮಹಾಲಯ ಅಮಾವಾಸ್ಯೆಯಂದು ನಮ್ಮ ಮನೆಯ ಹಿರಿಯನು ತನ್ನ ಪಿತೃಗಳಿಗೆ ನೀರು ಬಿಟ್ಟ ಮೇಲೆ ಅರಸನಿಗೆ, ರಾಣಿಗೆ, ಆ ಹುಡುಗನಿಗೆ ಬಿಡುತ್ತ ಬಂದಿದ್ದಾನೆ.

ಈ ಕಥೆಯನ್ನು ನನ್ನ ತಂದೆ ಹೇಳುವಾಗ ಅವರ ಧ್ವನಿ ಗಂಭೀರವಾಗುತ್ತಿತ್ತು. ಎದುರಿಗೆ ಬಂದೂಕು ಹಿಡಿದ ಸಿಪಾಯಿ ನಿಂತಿದ್ದರೂ ನಮ್ಮ ಹಿರಿಯರು ಒಂದು ಮಂತ್ರವನ್ನೂ ಬಿಡಲಿಲ್ಲ ಎನ್ನುತ್ತಿದ್ದರು. ನಾನೂ ಅದನ್ನೇ ಹೇಳಿದೆ. ಧಾರವಾಡದಲ್ಲಿ ವಿದ್ಯಾರ್ಥಿಗಳಿಗೆ ಹೇಳಿದೆ, ಹ್ಯಾರೋದ ದೇವಸ್ಥಾನದ ಸಭಾಭವನದಲ್ಲಿ ನಮ್ಮವರ ಮಕ್ಕಳಿಗೆ ಹೇಳಿದೆ. ಕನ್ನಡ ಕೇಳಿ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಆ ಮಕ್ಕಳೂ ಆನೆಹೊಂಡದ ಭಾಗ ಬಂದಾಗ ಸುಮ್ಮನಾಗುತ್ತಿದ್ದರು.

ಪಕ್ಕದ ಮನೆಗೆ ಆ ವರ್ಷ ಹೊಸಬರು ಬಂದಿದ್ದರು. ಎಪ್ಪತ್ತು ದಾಟಿದ, ನನಗಿಂತ ಒಂದೆರಡು ವರ್ಷ ಕಿರಿಯರಾದ ಒಬ್ಬ ಇಂಗ್ಲಿಷ್ ಮಹಿಳೆ, ಒಂಟಿ ಜೀವ, ಮದುವೆಯಾದವರಲ್ಲ. ಮಕ್ಕಳಿಗೆ ಪಿಯಾನೋ ಕಲಿಸುತ್ತಿದ್ದವರಂತೆ. ಪೂರ್ವ ಲಂಡನ್ನಿನ ಸ್ಟ್ರಾಟ್‌ಫರ್ಡಿನ ಹಳೆಯ ಮನೆಯನ್ನು ಮಾರಿ, ಆಸ್ಪತ್ರೆಗೆ ಹತ್ತಿರವಾಗಲೆಂದು ಇಲ್ಲಿಗೆ ಬಂದಿದ್ದರು. ಹೃದಯದ ಕವಾಟ ಸವೆದಿದೆ, ಎದೆ ತೆರೆದು ಸರಿಮಾಡಬೇಕು, ಈ ವಯಸ್ಸಿನಲ್ಲಿ ಅದು ಸುಲಭವಲ್ಲ ಎಂದು ಅವರೇ ಬೇಲಿಯ ಮೇಲೆ ಮೊಣಕೈ ಊರಿ ಸೊಸೆಗೆ ಹೇಳಿದ್ದರು. ನನ್ನನ್ನು ಅವರು ಪ್ರೊಫೆಸರ್ ಎಂದು ಕರೆಯುತ್ತಿದ್ದರು. ನಮ್ಮ ನಡುವೆ ಹವಾಮಾನದ ಮಾತಲ್ಲದೆ ಬೇರೆ ಮಾತು ನಡೆದಿರಲಿಲ್ಲ.

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಒದ್ದೆ ಪಂಚೆಯಲ್ಲಿ ಹಿತ್ತಿಲಿನಲ್ಲಿ ದಕ್ಷಿಣಕ್ಕೆ ಮುಖಮಾಡಿ ಕೂತಿದ್ದೆ. ಮುಂದೆ ತಾಮ್ರದ ತಟ್ಟೆ, ಹ್ಯಾರೋದ ಅಂಗಡಿಯಿಂದ ತಂದ ಕರಿ ಎಳ್ಳು, ಧಾರವಾಡದಿಂದ ತರಿಸಿದ ದರ್ಭೆ. ಜನಿವಾರ ಬಲಹೆಗಲಿಗೆ ಬಂದಿತ್ತು. ಪಿತೃಗಳಿಗೆ ಬಿಡುವ ನೀರು ಬೆರಳ ತುದಿಯಿಂದ ಬೀಳಬಾರದು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನಿಂದ, ಅಂಗೈಯನ್ನು ಬಲಕ್ಕೆ ವಾಲಿಸಿ ಬಿಡಬೇಕು. ಹಾಗೆ ಬಿಡುತ್ತಿರುವಾಗ ಬೇಲಿಯಾಚೆ ಯಾರೋ ನಿಂತಂತಾಯಿತು. ತಲೆಯೆತ್ತಲಿಲ್ಲ. ಕೊನೆಯ ಮೂವರ ಹೆಸರನ್ನೂ ತುಟಿಯೊಳಗೇ ಹೇಳಿ, ಮುಗಿಸಿ, ಜನಿವಾರವನ್ನು ಎಡಹೆಗಲಿಗೆ ತಂದುಕೊಂಡು ಎದ್ದಾಗ ಆಕೆ ಅಲ್ಲೇ ಇದ್ದರು. ಅಷ್ಟು ಹೊತ್ತೂ ನಿಂತೇ ಇದ್ದರು. ಮುಖ ಬಿಳಿಚಿಕೊಂಡಿತ್ತು.

“ಪ್ರೊಫೆಸರ್, ಹೆಬ್ಬೆರಳ ಪಕ್ಕದಿಂದ ನೀರು ಬಿಡುವುದನ್ನು ನಿಮಗೆ ಯಾರು ಕಲಿಸಿದರು?”

ನನ್ನ ತಂದೆ ಎಂದೆ.

“ನನಗೂ ನನ್ನ ತಂದೆಯೇ ಕಲಿಸಿದ್ದು,” ಎಂದರು. “ಯಾರಿಗಾಗಿ ಎಂಬುದನ್ನು ಮಾತ್ರ ಅವರು ಹೇಳಲಿಲ್ಲ. ಅವರಿಗೇ ಗೊತ್ತಿರಲಿಲ್ಲ.”

ಬೇಲಿಯ ಮೇಲಿಂದ ಬಲಗೈ ಚಾಚಿ ತೋರಿಸಿದರು. ಅಂಗೈ ಬಲಕ್ಕೆ ವಾಲಿತು, ಹೆಬ್ಬೆರಳು ತುಸು ಬಿಟ್ಟುಕೊಂಡಿತು. ನಲವತ್ತು ವರ್ಷ ಶಿಷ್ಯರಿಗೆ ಪ್ರಯೋಗ ಹೇಳಿಕೊಟ್ಟವನು ನಾನು. ನೋಡಿ ಕಲಿತ ಅಣಕಕ್ಕೂ ಹಿಡಿದು ತಿದ್ದಿದ ಕೈಗೂ ಇರುವ ವ್ಯತ್ಯಾಸ ನನಗೆ ಗೊತ್ತು. ಅದು ತಿದ್ದಿದ ಕೈ.

ತಮ್ಮ ತಂದೆ ಸತ್ತ ದಿನ ಪ್ರತಿವರ್ಷ ಹಿತ್ತಿಲಿನಲ್ಲಿ ಹೀಗೆ ನೀರು ಬಿಡುತ್ತೇನೆ, ನೀರಿಗೆ ಸೀಡ್ ಕೇಕಿನ ಕಾಳು ಹಾಕುತ್ತೇನೆ, ನಮ್ಮ ಮನೆಯಲ್ಲಿ ಅದು ನಡೆದುಬಂದಿದೆ ಎಂದರು. ಸೀಡ್ ಕೇಕಿನ ಕಾಳೆಂದರೆ ನಮ್ಮ ಶಾಜೀರಿಗೆಯಂಥದು. ಎಳ್ಳು ಸಿಗದ ಊರಿನಲ್ಲಿ ಯಾರೋ ಅಡುಗೆಮನೆ ಹುಡುಕಿ ಕಪ್ಪಗೆ ಸಣ್ಣಗಿರುವ ಕಾಳನ್ನು ಆರಿಸಿಕೊಂಡಿದ್ದರು. ನಾನು ಇದನ್ನು ಯೋಚಿಸುತ್ತಿರುವಾಗಲೇ ಆಕೆ ಮತ್ತೆ ಹೇಳಿದರು: ತಮಗೆ ಮಕ್ಕಳಿಲ್ಲ, ಒಡಹುಟ್ಟಿದವರೂ ಇಲ್ಲ, ಮುಂದಿನ ತಿಂಗಳು ಶಸ್ತ್ರಚಿಕಿತ್ಸೆ, ಅದಕ್ಕೆ ಹೋಗುವ ಮೊದಲು ತಾನು ಇಷ್ಟು ವರ್ಷ ಯಾರಿಗೆ ನೀರು ಹಾಕಿದೆನೆಂದು ತಿಳಿಯಬೇಕು.

ಮರುದಿನ ಸೊಸೆ ಅವರನ್ನು ಚಹಾಕ್ಕೆ ಕರೆದಳು. ಅಂದು ಅವಳಿಗೆ ರಜೆ. ಆಕೆ ತಮ್ಮ ಮುತ್ತಜ್ಜನ ಕಥೆಯನ್ನು ಹೇಳಲು ಮೊದಲು ನಾಚಿಕೊಂಡರು. ಮುತ್ತಜ್ಜ ಹಿಂದೂಸ್ತಾನದ ರಾಜಕುಮಾರನೆಂದು ಮನೆಯಲ್ಲಿ ಹೇಳುತ್ತಿದ್ದರಂತೆ. ಇಂಥ ರಾಜಕುಮಾರರು ಸ್ಟ್ರಾಟ್‌ಫರ್ಡಿನ ಪ್ರತಿ ಬೀದಿಗೂ ಒಬ್ಬರಿದ್ದರು ಎಂದು ಚಿಕ್ಕಮ್ಮಂದಿರು ನಗುತ್ತಿದ್ದರಂತೆ. ಒಬ್ಬ ಇಂಗ್ಲಿಷ್ ಅಧಿಕಾರಿ ಹುಡುಗನನ್ನು ಹಡಗಿನಲ್ಲಿ ಕರೆತಂದು ತನ್ನ ಮನೆಯಲ್ಲಿ ಬೆಳೆಸಿದ. ಬೆಳೆದ ಮೇಲೆ ಹುಡುಗ ಗಡಿಯಾರದ ಕೆಲಸ ಕಲಿತ, ಅಂಗಡಿಯ ಯಜಮಾನನ ಮಗಳನ್ನೇ ಮದುವೆಯಾದ, ಮುದುಕನಾಗಿ ಅದೇ ಅಂಗಡಿಯ ಮೇಲಿನ ಕೋಣೆಯಲ್ಲಿ ಸತ್ತ. ಅವನ ಹುಟ್ಟುಹೆಸರನ್ನು ಪ್ರತಿ ತಲೆಮಾರಿನ ಮೊದಲ ಮಗುವಿಗೆ ನಡುಹೆಸರಾಗಿ ಇಡುವುದು ಪದ್ಧತಿ.

“ನನಗೂ ಇದೆ,” ಎಂದು ಆಕೆ ಆ ಹೆಸರನ್ನು ಹೇಳಿದರು.

ಹಿಂದಿನ ದಿನ ಬೆಳಿಗ್ಗೆ ನಾನು ಕೊನೆಯ ಬೊಗಸೆಯನ್ನು ಬಿಟ್ಟ ಹೆಸರು ಅದು. ಮನೆಯೊಳಗೆ, ಹಗಲಿನಲ್ಲಿ, ಚಹಾದ ಬಟ್ಟಲುಗಳ ನಡುವೆ ಅದನ್ನು ನಾನು ಎಂದೂ ಕೇಳಿರಲಿಲ್ಲ. ಸೊಸೆಯ ಕೈ ಬಿಸ್ಕತ್ತಿನ ತಟ್ಟೆಯ ಮೇಲೆ ನಿಂತುಬಿಟ್ಟಿತು. ಹೆಸರು ಅವಳಿಗೆ ತಿಳಿದಿರಲಿಲ್ಲ. ಅವಳು ನೋಡಿದ್ದು ನನ್ನ ಮುಖವನ್ನು.

ಆಕೆ ಮುಂದುವರಿಸಿದರು. ಮುತ್ತಜ್ಜ ತನ್ನ ಮಕ್ಕಳಿಗೆ ಒಂದೇ ಒಂದು ಸಂಗತಿಯನ್ನು ಮತ್ತೆ ಮತ್ತೆ ಹೇಳುತ್ತಿದ್ದನಂತೆ. ತಾಯಿ ಅವನನ್ನು ಕುದುರೆಗಳ ಮೇವಿನ ಬುಟ್ಟಿಯಲ್ಲಿ ಕೂರಿಸಿ ಹಿಂದಿನ ಗೋಡೆಯಿಂದ ಹಗ್ಗದಲ್ಲಿ ಇಳಿಬಿಟ್ಟಳು. ಜತೆಗೆ ಲಾಯದವನೊಬ್ಬ ಇಳಿಯುತ್ತಿದ್ದ. ಅರ್ಧಕ್ಕೆ ಬಂದಾಗ ಹಗ್ಗ ಹರಿದು ಬುಟ್ಟಿ ಕಂದಕದ ಪೊದೆಗಳ ಮೇಲೆ ಬಿತ್ತು. ಲಾಯದವನು ಗುಂಡಿಗೆ ಸಿಕ್ಕ. ಹುಡುಗ ಸಿಪಾಯಿಗಳ ಕೈಗೆ ಸಿಕ್ಕ. ಅವರು ಅವನನ್ನು ಲಾಯದವನ ಮಗನೆಂದೇ ತಿಳಿದು ಒಂದು ಡೇರೆಯಲ್ಲಿ ಇಟ್ಟುಕೊಂಡರು. ಒಂದು ಮಧ್ಯಾಹ್ನ ಡೇರೆಯ ಬಾಗಿಲಲ್ಲಿ ಕೂತಿದ್ದಾಗ ಕೋಟೆಯೊಳಗಿಂದ ಹೊಗೆ ಏಳುವುದು ಕಂಡಿತು. ಆನೆಗಳು ಮೀಯುವ ಹೊಂಡದ ಕಡೆಯಿಂದ. ಆನೆಗಳ ಮೇವಿಗೆ ಬೆಂಕಿ ಬಿತ್ತೆಂದು ಹುಡುಗ ಅತ್ತ.

ನಾನು ಕುರ್ಚಿಯ ಕೈಯನ್ನು ಹಿಡಿದುಕೊಂಡೆ.

ಮರುದಿನ ದೊಡ್ಡ ಅಧಿಕಾರಿ ಡೇರೆಗೆ ಬಂದಾಗ ಹುಡುಗ ಧೈರ್ಯಮಾಡಿ, ನಾನು ಅರಸನ ಮಗ, ನನ್ನನ್ನು ನನ್ನ ತಾಯಿಯ ಬಳಿಗೆ ಕಳಿಸಿ ಎಂದನಂತೆ. ಅಧಿಕಾರಿ ದುಭಾಷಿಯ ಮೂಲಕ ಉತ್ತರಿಸಿದ. ಆ ಉತ್ತರವನ್ನು ಮುತ್ತಜ್ಜ ಗಡಿಯಾರದ ಅಂಗಡಿಯಲ್ಲಿ ಮೊಮ್ಮಕ್ಕಳಿಗೆ ಹೇಳಿ ತಾನೇ ನಗುತ್ತಿದ್ದನಂತೆ, ಮಕ್ಕಳಾರೂ ನಗುತ್ತಿರಲಿಲ್ಲವಂತೆ. ಆಕೆ ಅದನ್ನು ಪಾಠ ಒಪ್ಪಿಸುವಂತೆ ಒಪ್ಪಿಸಿದರು:

“ಅರಸನ ಮಗನನ್ನು ಅವನ ಪುರೋಹಿತರೇ ನಿನ್ನೆ ಸುಟ್ಟರು, ನಮ್ಮವರು ನಿಂತು ನೋಡಿದ್ದಾರೆ. ಸತ್ತವರಿಗೆ ರಾಜ್ಯ ಕೊಡುವ ಕಾನೂನು ನಮ್ಮಲ್ಲಿಲ್ಲ.”

ಆಮೇಲೆ ಅವರೇನು ಹೇಳಿದರೋ ನನಗೆ ಕೇಳಿಸಲಿಲ್ಲ. ಎದ್ದು ನಿಂತೆ, ಕ್ಷಮಿಸಿ ಎಂದೆನೋ ಇಲ್ಲವೋ ನೆನಪಿಲ್ಲ, ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಜನಿವಾರ ಇನ್ನೂ ಬಲಹೆಗಲಿನಲ್ಲಿಯೇ ಇದೆಯೆಂದು ಭಾಸವಾಗಿ ಮುಟ್ಟಿ ನೋಡಿಕೊಂಡೆ. ಎಡಕ್ಕೇ ಇತ್ತು. ತುಸು ಹೊತ್ತಿಗೆ ಮತ್ತೆ ಮುಟ್ಟಿ ನೋಡಿಕೊಂಡೆ. ಕೆಳಗೆ ಬಟ್ಟಲುಗಳನ್ನು ತೊಳೆಯುವ ಸದ್ದು, ಆಚೆ ಬಾಗಿಲು ತೆರೆದು ಮುಚ್ಚಿದ ಸದ್ದು ಕೇಳಿತು.

ಸೊಸೆ ಮೇಲೆ ಬಂದಳು.

“ಮಾವ, ನೀವು ಹೀಗೆ ಎದ್ದು ಬಂದ್ಬಿಟ್ರೆ ಅವ್ರು ಏನಂದ್ಕೋತಾರೆ? ಹುಷಾರಿಲ್ಲ ಅಂತ ಹೇಳಿ ಕಳಿಸ್ದೆ.”

“ಹುಷಾರ ಇಲ್ಲ ಅನ್ನೂದು ಖರೇನ ಐತಿ,” ಎಂದೆ. “ನನಗ ಸ್ವಲ್ಪ ಹೊತ್ತು ಬೇಕವಾ.”

ಆ ಹೊತ್ತು ದಿನಗಳಾಗಿ ಬೆಳೆಯಿತು. ನನ್ನನ್ನು ಕುಟುಕಿದ್ದು ಒಂದಲ್ಲ. ಬದುಕಿದ್ದವನಿಗೆ ಎಳ್ಳುನೀರು ಬಿಡುವುದಕ್ಕಿಂತ ಘೋರವಾದದ್ದು ಪಿತೃಕರ್ಮದಲ್ಲಿ ಇನ್ನೊಂದಿಲ್ಲ. ಆ ಹುಡುಗ ಗಡಿಯಾರ ಬಿಚ್ಚಿ ಜೋಡಿಸುತ್ತ, ಮದುವೆಯಾಗಿ, ಮಕ್ಕಳನ್ನು ಎತ್ತಿ ಆಡಿಸುತ್ತ ಇದ್ದಷ್ಟು ವರ್ಷವೂ ನಮ್ಮವರು ಅವನಿಗೆ ನೀರು ಬಿಟ್ಟರು. ಅತ್ತ ಅವನು ಅದೇ ಕೈಯಿಂದ ತನ್ನ ತಂದೆಗೆ ನೀರು ಬಿಡುತ್ತಿದ್ದ. ದಹನವಾದವನು ಜೀವಂತ ಮರಳಿದರೆ ಅವನಿಗೆ ಹೊಸದಾಗಿ ಹುಟ್ಟಿದಂತೆ ಜಾತಕರ್ಮದಿಂದ ಎಲ್ಲ ಸಂಸ್ಕಾರಗಳನ್ನೂ ಮತ್ತೆ ಮಾಡಬೇಕೆಂದು ಶಾಸ್ತ್ರ ಹೇಳುತ್ತದೆ. ಅವನಿಗೆ ಅದನ್ನು ಮಾಡುವವರಾರು? ನಮ್ಮ ಲೆಕ್ಕದಲ್ಲಿ ಅವನು ಲಂಡನ್ನಿನಲ್ಲಿ ಬದುಕಿದ್ದೆಲ್ಲ ಸತ್ತವನಾಗಿಯೇ.

ಇದಕ್ಕಿಂತ ದೊಡ್ಡದು ಇನ್ನೊಂದಿತ್ತು. ಕಣ್ಮರೆಯಾದವನಿಗೆ, ಸಾವು ನಿಶ್ಚಯವಾಗದ ಪಕ್ಷದಲ್ಲಿ, ಹನ್ನೆರಡು ವರ್ಷ ಕಾದು ಆಮೇಲೆ ದರ್ಭೆಯ ದಹನ ಮಾಡಬೇಕು. ಈ ವಿಧಿಯನ್ನು ತರಗತಿಯಲ್ಲಿ ನಾನೇ ಎಷ್ಟು ಸಲ ಪಾಠ ಹೇಳಿದ್ದೇನೆ! ಅದೇ ಬಾಯಿಯಿಂದ ಆನೆಹೊಂಡದ ಕಥೆಯನ್ನೂ ಹೇಳಿದ್ದೇನೆ. ಎರಡನ್ನೂ ಪಕ್ಕಪಕ್ಕಕ್ಕೆ ಇಟ್ಟು, ನಮ್ಮ ಹಿರಿಯರು ಯಾಕೆ ಕಾಯಲಿಲ್ಲ ಎಂದು ಕೇಳಿಕೊಂಡಿರಲಿಲ್ಲ. ನನ್ನ ತಂದೆಯೂ ಕೇಳಿಕೊಂಡಿರಲಿಲ್ಲ. ಒಬ್ಬ ಕಾವಲುಗಾರ ದೂರದಿಂದ ಕಂಡ ಒಂದು ಬೀಳುವಿಕೆ, ಅಷ್ಟೇ ಸಾಕ್ಷ್ಯ. ಅವರ ಮನಸ್ಸು ನನಗೆ ಅರ್ಥವಾಗದೆ ಇಲ್ಲ. ನಾಳೆ ತಮ್ಮನ್ನು ಕೋಟೆಯಿಂದ ಹೊರಗಟ್ಟಿದರೆ ಮಗು ಪ್ರೇತವಾಗಿ ಅಲೆಯುತ್ತದೆಂದು ಹೆದರಿರಬೇಕು. ಪ್ರೀತಿಯಿಂದ ಅವಸರ ಮಾಡಿದರು. ಆ ಅವಸರದ ಹೊಗೆಯನ್ನು ಸಾಮ್ರಾಜ್ಯ ನಿಂತು ನೋಡಿತು, ವಾರಸುದಾರನಿಲ್ಲವೆಂದು ಬಾವುಟ ಏರಿಸಿತು. ನಾವು ಶೌರ್ಯವೆಂದು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದ್ದು ಇದನ್ನು.

ಸಂಧ್ಯಾವಂದನೆಗೆ ಕೂತರೆ ಅರ್ಘ್ಯದ ನೀರು ಕೈಯಲ್ಲೇ ಉಳಿಯುತ್ತಿತ್ತು. ಹಿತ್ತಿಲಿಗೆ ಹೋಗುವುದನ್ನು ಬಿಟ್ಟೆ. ಗೋಡೆಯಾಚೆಯಿಂದ ಪಿಯಾನೋ ಕೇಳಿದಾಗ ಕೋಣೆ ಬದಲಿಸುತ್ತಿದ್ದೆ. ಮಗ ನನ್ನ ರಕ್ತದೊತ್ತಡ ನೋಡಿದ, ಮಾತ್ರೆ ಬದಲಿಸಿದ, ಸುಮ್ಮನಾದ. ಸೊಸೆ ಸುಮ್ಮನಾಗುವವಳಲ್ಲ. ಒಂದು ಸಂಜೆ ತನ್ನ ದವಾಖಾನೆಯಿಂದ ಬಂದವಳು ಕೋಟನ್ನೂ ತೆಗೆಯದೆ ನನ್ನ ಎದುರು ಕೂತು ಎಲ್ಲವನ್ನೂ ಕೇಳಿದಳು. ಹೇಳಿದೆ. ಕೇಳುತ್ತ ಕೇಳುತ್ತ ಅವಳ ಕಣ್ಣುಗಳೂ ದೊಡ್ಡವಾದವು. ಆದರೆ ಮುಗಿದ ಮೇಲೆ ಅವಳು ಹೇಳಿದ್ದು ಬೇರೆ.

“ಅಷ್ಟು ದೂರದಿಂದ ಸಮುದ್ರ ದಾಟಿ, ಗುಡ್ಡದ ಮೇಲೆ ತೋಪು ಹತ್ತಿಸಿದೋರು, ನಿಮ್ಮ ಒಂದು ಹಿಡಿ ದರ್ಭೆ ನೋಡಿ ರಾಜ್ಯ ತಗೊಂಡ್ರು ಅಂತೀರಾ ಮಾವ? ದರ್ಭೆ ಇಲ್ದಿದ್ರೆ ಇನ್ನೊಂದು ನೆಪ ಹುಡುಕ್ತಿದ್ರು.”

“ನೆಪ ನಾವು ಕೊಟ್ಟಿವಲ್ಲ,” ಎಂದೆ.

“ಕೊಟ್ರಿ, ಸರಿ. ಈಗ ಅವ್ರಿಗೆ ಸೋಮವಾರ ಆಪರೇಷನ್. ಅವ್ರು ನಿಮ್ಮನ್ನ ಕೇಳಿದ್ದು ರಾಜ್ಯ ಅಲ್ಲ. ಯಾರಿಗೆ ನೀರು ಹಾಕ್ತಿದೀನಿ ಅಂತ ಕೇಳಿದ್ರು. ಅದು ಗೊತ್ತಿರೋರು ಈ ಊರಲ್ಲಿ ನೀವೊಬ್ರೇ.”

ಮರುದಿನ ಸ್ನಾನಮಾಡಿ, ಮಡಿಯುಟ್ಟು, ಎಳ್ಳಿನ ಬಟ್ಟಲು, ದರ್ಭೆ, ತಾಮ್ರದ ತಟ್ಟೆಯನ್ನು ಹಿಡಿದು ಪಕ್ಕದ ಮನೆಯ ಗಂಟೆ ಒತ್ತಿದೆ. ಸೊಸೆ ಹಿಂದೆ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಆಕೆಯ ಕೋಣೆಯಲ್ಲಿ ಆಸ್ಪತ್ರೆಗೆ ಹೋಗುವ ಚೀಲ ಆಗಲೇ ತುಂಬಿತ್ತು. ನಿಂತುಕೊಂಡೇ ಹೇಳಿಬಿಟ್ಟೆ. ಬೊಂಬೆ ಕಟ್ಟಿದವರು, ಹಸಿರು ಅಂಗಿ ತೊಡಿಸಿದವರು, ಹನ್ನೆರಡು ವರ್ಷ ಕಾಯದೆ ಬೆಂಕಿ ಕೊಟ್ಟವರು ನನ್ನ ಮುತ್ತಜ್ಜನ ತಂದೆ. ಹದಿನೈದು ದಿನದ ಹಿಂದೆ ಬೇಲಿಯಾಚೆ ನೀವು ನೋಡಿದಾಗ ನಾನು ನೀರು ಬಿಡುತ್ತಿದ್ದದ್ದು ನಿಮ್ಮ ಮುತ್ತಜ್ಜನಿಗೆ.

ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡರು. ಸೊಸೆ ಗಾಬರಿಯಿಂದ ಒಂದು ಹೆಜ್ಜೆ ಮುಂದೆ ಬಂದಳು.

“ಅಂದರೆ ಅದು ನಿಮ್ಮವರೇ,” ಎಂದರು ಕೊನೆಗೆ. ಆಮೇಲೆ, “ಆ ಹಸಿರು ಅಂಗಿ ಎಲ್ಲಿ ಹೋಯಿತೆಂದು ಮುತ್ತಜ್ಜ ಸಾಯುವತನಕ ಕೇಳುತ್ತಿದ್ದನಂತೆ.”

ನನ್ನ ಕಣ್ಣಲ್ಲಿ ನೀರು ಬಂದದ್ದು ಆಗ. ಆಕೆ ನನಗೆ ಕುರ್ಚಿ ತೋರಿಸಿದರು. ಸಿಟ್ಟು ಬರಲಿಲ್ಲವೇ ಎಂದು ಕೇಳಿದೆ. ಬರಬೇಕಾದದ್ದು ಮುತ್ತಜ್ಜನಿಗೆ, ಅವನು ಆ ಪುರೋಹಿತನನ್ನು ಒಮ್ಮೆಯೂ ಬೈದದ್ದು ಮನೆಯಲ್ಲಿ ಯಾರಿಗೂ ನೆನಪಿಲ್ಲ ಎಂದರು. ತಂದೆ ಸತ್ತಾಗ ಮಡಿಲಲ್ಲಿ ಕೂರಿಸಿಕೊಂಡು ಕೈ ಹಿಡಿದು ನೀರು ಬಿಡಲು ಕಲಿಸಿದ ಮುದುಕನೊಬ್ಬನಿದ್ದ, ಅವನ ಮೈಯಿಂದ ಗಂಧದ ವಾಸನೆ ಬರುತ್ತಿತ್ತು ಎಂದಷ್ಟೇ ಅವನು ಹೇಳುತ್ತಿದ್ದನಂತೆ. ಕಲಿಸಿದವನೂ ಸುಟ್ಟವನೂ ಒಬ್ಬನೇ ಎಂದು ಅವನಿಗೆ ತಿಳಿದಿತ್ತೋ ಇಲ್ಲವೋ ನಮ್ಮಿಬ್ಬರಿಗೂ ತಿಳಿಯದು.

“ಈಗ ಹೇಳಿ ಪ್ರೊಫೆಸರ್. ಯಾರಿಗೆ?”

ಹಿತ್ತಿಲಿಗೆ ಹೋದೆವು. ನಿತ್ಯತರ್ಪಣಕ್ಕೆ ಅಮಾವಾಸ್ಯೆಯೇ ಬೇಕೆಂದಿಲ್ಲ. ಹೆಂಗಸಿಗೆ ಅಧಿಕಾರವುಂಟೇ, ಬೇರೆ ಮತದವರಿಗೆ ಉಂಟೇ ಎಂಬ ಪ್ರಶ್ನೆಗಳನ್ನು ನಾನು ಅರಿಯದವನಲ್ಲ. ಆ ಗಳಿಗೆಯಲ್ಲಿ ಅವು ನನ್ನ ನಾಲಿಗೆಗೆ ಬರಲಿಲ್ಲ. ಅರಸನ ಮಗ ನಡೆಸಿದ್ದನ್ನು ಅವನ ಮನೆಯವರು ನಡೆಸಿಕೊಂಡು ಬಂದಿದ್ದಾರೆ. ನಮ್ಮವರು ಮಾಡಿದ್ದಕ್ಕಿಂತ ಅದು ಸರಿಯಾದ ಕರ್ಮ. ಹುಲ್ಲಿನ ಮೇಲೆ ಮಣೆಯ ಬದಲು ಪಿಯಾನೋದ ಪುಟ್ಟ ಸ್ಟೂಲು ಹಾಕಿ ದಕ್ಷಿಣಕ್ಕೆ ಮುಖಮಾಡಿ ಅವರನ್ನು ಕೂರಿಸಿದೆ. ಸೊಸೆ ಅಂಗೈಗೆ ಎಳ್ಳು ಹಾಕಿ ನೀರು ಎರೆದಳು. ಗೋತ್ರ ಯಾವುದೆಂದು ಹೇಳುವಾಗ, ಇದು ನನ್ನ ಗೋತ್ರವೂ ಹೌದು, ಅರಸರಿಗೆ ಪುರೋಹಿತನ ಗೋತ್ರವೇ ಬರುತ್ತದೆ ಎಂದು ವಿವರಿಸಿದೆ.

“ಹಾಗಾದರೆ ನಾವು ಒಂದೇ ಮನೆಯವರೇ?”

“ಶಾಸ್ತ್ರದ ಪ್ರಕಾರ ನೀವು ನನ್ನ ತಂಗಿಯಾಗಬೇಕು,” ಎಂದೆ.

ಅರಸನ ಹೆಸರು ಹೇಳಿದೆ. ಆಕೆ ಅದನ್ನು ನಿಧಾನವಾಗಿ ಹೇಳಿ ನೀರು ಬಿಟ್ಟರು. ರಾಣಿಯ ಹೆಸರು ಹೇಳಿದೆ. ಮಗನನ್ನು ಬುಟ್ಟಿಯಲ್ಲಿ ಕೂರಿಸಿದವಳು ಇವಳೇ ಎಂದಾಗ ಆಕೆ ತಟ್ಟನೆ ನನ್ನತ್ತ ತಿರುಗಿದರು, ನೀರು ಅರ್ಧ ಮಡಿಲಿಗೆ ಬಿತ್ತು. ಮತ್ತೆ ಎರೆದು ಬಿಡಿಸಿದೆವು. ಮೂರನೆಯ ಹೆಸರನ್ನು ನಾನು ಹೇಳಬೇಕಾಗಲಿಲ್ಲ. ಅವರೇ ಹೇಳಿದರು, ತಮ್ಮದೇ ಹೆಸರು ತಾನೇ. ಈ ಸಲ ಅದು ನಿಜವಾಗಿ ಹೋದವನಿಗೆ, ಅವನ ರಕ್ತದವರ ಕೈಯಿಂದ ಬಿದ್ದ ನೀರು. ನಾನು ಏನೂ ಬಿಡಲಿಲ್ಲ. ಪಕ್ಕದಲ್ಲಿ ಕೈಮುಗಿದು ನಿಂತಿದ್ದೆ.

ಎದ್ದ ಮೇಲೆ ಕೈ ಒರೆಸಿಕೊಳ್ಳುತ್ತ ಆಕೆ ಉಳಿದ ಮಾತನ್ನೂ ಕೇಳಿಬಿಟ್ಟರು. ತಾನು ಆಸ್ಪತ್ರೆಯಿಂದ ಬಾರದಿದ್ದರೆ ಈ ಮೂವರಿಗೆ ನೀರು ಬಿಡುವವರಾರು? ನಾನಿರುವ ತನಕ ನಾನು, ನನ್ನ ನಂತರ ನನ್ನ ಮಗ ಎಂದೆ. ಇಚ್ಛೆಯಿದ್ದರೆ ನಾಲ್ಕನೆಯ ಹೆಸರನ್ನೂ ಸೇರಿಸುತ್ತೇವೆ, ತಂಗಿಯೆಂದು, ಎಂದೆ. ಆಕೆ ನನ್ನನ್ನು ನೋಡಿ, ಚರ್ಚಿನ ಪಾದ್ರಿಯವರ ಅಭ್ಯಂತರವಿರಲಾರದು, ಸೇರಿಸಿ ಎಂದರು. ತುಟಿಯ ಅಂಚಿನಲ್ಲಿ ನಗೆ ಬಂದಿತ್ತು.

“ಒಂದೇ ಷರತ್ತು. ನಾನು ಸಾಯುವ ಮೊದಲೇ ಶುರುಮಾಡಬೇಡಿ. ನಿಮ್ಮ ಮನೆತನಕ್ಕೆ ಆ ಅಭ್ಯಾಸವಿದೆ.”

ಸೊಸೆ ತಂಬಿಗೆಯನ್ನು ಕೆಳಗಿಟ್ಟು ನಕ್ಕುಬಿಟ್ಟಳು. ನನಗೆ ನಗು ಬರಲು ಇನ್ನೂ ಕೆಲವು ದಿನ ಹಿಡಿಯಿತು. ಆ ಹೊತ್ತಿಗೆ ಆಕೆ ಎದ್ದು ಕೂತು ಆಸ್ಪತ್ರೆಯ ಚಹಾ ಚೆನ್ನಾಗಿಲ್ಲವೆಂದು ದೂರುವಷ್ಟಾಗಿದ್ದರು.

ಅವರು ಆಮೇಲೆ ಕೆಲವು ವರ್ಷ ಬದುಕಿದರು. ಹೊಸ ಶತಮಾನವನ್ನು ಕಂಡರು. ಮಹಾಲಯದ ಬೆಳಿಗ್ಗೆ ಬೇಲಿಯ ಆಚೆ ಅವರು, ಈಚೆ ನಾನು, ಒಂದೇ ಹೊತ್ತಿಗೆ ನೀರು ಬಿಡುತ್ತಿದ್ದೆವು. ಅರಸನ ಮನೆಯ ಮೂವರಿಗೆ ಅವರು. ನನ್ನ ಪಿತೃಗಳಿಗೆ ನಾನು. ನನ್ನ ಪಿತೃಗಳಲ್ಲಿ ದರ್ಭೆಯ ಬೊಂಬೆ ಕಟ್ಟಿದ ಆ ಹಿರಿಯರ ಹೆಸರು ಬಂದಾಗ ಪ್ರತಿಸಲವೂ ಎದೆ ಒಂದು ಗಳಿಗೆ ನಿಲ್ಲುತ್ತಿತ್ತು, ಈಗಲೂ ನಿಲ್ಲುತ್ತದೆ. ಆ ಕಥೆಯನ್ನು ಹ್ಯಾರೋದ ಮಕ್ಕಳಿಗೆ ಮತ್ತೆ ಹೇಳಿದೆ, ಹೊಗೆಯನ್ನು ಡೇರೆಯ ಬಾಗಿಲಿನಿಂದ ನೋಡಿದವನ ಭಾಗವನ್ನೂ ಸೇರಿಸಿ.

ಒಂದು ಚಳಿಗಾಲದಲ್ಲಿ ಅವರು ಹೋದರೆಂದು ಆಸ್ಪತ್ರೆಯಿಂದ ಸೊಸೆಗೆ ಫೋನು ಬಂತು. ಕೇಳಿದ ಮಾತು ನನಗೆ ಸಾಲಲಿಲ್ಲ. ಮಗನ ಕೈಹಿಡಿದು ಚರ್ಚಿಗೆ ಹೋಗಿ, ತೆರೆದ ಪೆಟ್ಟಿಗೆಯ ಬಳಿ ನಿಂತು ಆ ಶಾಂತ ಮುಖವನ್ನು ಕಣ್ಣಾರೆ ನೋಡಿದೆ. ಮನೆಗೆ ಬಂದು ಸ್ನಾನಮಾಡಿ, ಹೆಬ್ಬೆರಳ ಪಕ್ಕದಿಂದ ತಂಗಿಗೆ ಮೊದಲ ಬೊಗಸೆ ಬಿಟ್ಟೆ.

ಬೀಗದ ಕೈ ಕೊಡದ ಅರಸನಿಗೆ ಸದ್ಗತಿಯಿರಲಿ. ಬುಟ್ಟಿಯ ಹಗ್ಗ ಹಿಡಿದ ರಾಣಿಗೆ, ಜತೆಗಿಳಿದ ಲಾಯದವನಿಗೆ, ತಪ್ಪಾಗಿ ಕಂಡರೂ ನಿಜವಾಗಿ ಅತ್ತ ಕಾವಲುಗಾರನಿಗೆ ಸದ್ಗತಿಯಿರಲಿ. ಮಗುವನ್ನು ಹಡಗಿನಲ್ಲಿ ಕರೆತಂದು ಅನ್ನವಿಟ್ಟ ಅಧಿಕಾರಿಗೂ, ಅವನಿಗೆ ಮಗಳನ್ನು ಕೊಟ್ಟ ಗಡಿಯಾರದವನಿಗೂ ಒಳ್ಳೆಯದಾಗಲಿ. ಅವಸರ ಮಾಡಿದ ನಮ್ಮ ಹಿರಿಯರನ್ನು ಆ ಹುಡುಗ ಕ್ಷಮಿಸಿದ್ದಾನೆಂದೇ ನಂಬಿದ್ದೇನೆ, ಅವರಿಗೂ ಶಾಂತಿಯಿರಲಿ. ತಂಬಿಗೆ ಹಿಡಿದ ಸೊಸೆಗೆ, ಮುಂದೆ ಈ ನೀರನ್ನು ಬಿಡಬೇಕಾದ ಮಗನಿಗೆ ಆಯುಷ್ಯವಿರಲಿ. ಎಲ್ಲರಿಗೂ ಮಂಗಳವಾಗಲಿ.